ಎರಿನ್ಲೆಯನ್ನು ಹುಡುಕುವುದಾದರೆ ಅವನ ಒರಿಕಿಯಲ್ಲೇ ಹುಡುಕಬೇಕು

ನೈಜೀರಿಯಾ ಕಡೆಯ ಯೊರುಬಾ ಜನರ ದೇವರುಗಳ ಬಗ್ಗೆ ಹುಡುಕಲು ಕೂತರೆ ಎಲ್ಲ ಕಡೆ ಅದೇ ನಾಲ್ಕೈದು ಹೆಸರು ಸಿಗುತ್ತವೆ. ಗುಡುಗಿನ ಶಾಂಗೊ, ಕಬ್ಬಿಣದ ಒಗುನ್, ನದಿಯ ಒಶುನ್, ನೀರಿನ ತಾಯಿ ಯೆಮೊಜ. ನಾನು ಹುಡುಕುತ್ತಿರುವುದು ಎರಿನ್ಲೆಯನ್ನು. ನೈಜೀರಿಯಾದ ಒಶುನ್ ರಾಜ್ಯದಲ್ಲಿ ಇಲೊಬು ಅಂತ ಒಂದು ಊರಿದೆ, ಅಲ್ಲಿಯ ಒರಿಶ ಇವನು. ಅವರು ದೈವಕ್ಕೆ ಒರಿಶ ಅನ್ನುತ್ತಾರೆ. ಮೊದಲು ಬೇಟೆಗಾರನಾಗಿದ್ದ, ಆಮೇಲೆ ಇಲೊಬುವಿನ ಹತ್ತಿರವೇ ನೆಲದೊಳಗೆ ಇಳಿದು ನದಿಯಾದ ಅಂತ ಕತೆ. ಆ ನದಿಗೂ ಅವನದೇ ಹೆಸರು. ಅದು ಹರಿದು ಹೋಗಿ ಒಶುನ್ ನದಿಯನ್ನು ಸೇರುತ್ತದೆ.

ಕಾಸರಗೋಡಿನ ಬದಿಯಡ್ಕ, ಪೆರ್ಲದ ಆಚೀಚೆ ಬೆಳೆದವರಿಗೆ ಇಂಥ ಕತೆ ವಿಚಿತ್ರ ಅನಿಸುವುದಿಲ್ಲ, ಅಲ್ವಾ? ಮನುಷ್ಯರಾಗಿ ಹುಟ್ಟಿ, ಕಾಯ ಬಿಟ್ಟು ಮಾಯ ಸೇರಿ, ದೈವವಾಗಿ ನಿಂತವರ ಪಾಡ್ದನ, ಅಂದರೆ ತುಳುವಿನ ಹಾಡುಗತೆ, ಕೇಳಿಯೇ ನಾವು ದೊಡ್ಡವರಾದದ್ದು. ಕೊರಗಜ್ಜನಾದ ಕೊರಗ ತನಿಯನ ಕತೆ ಗೊತ್ತಿದ್ದವರಿಗೆ ಎರಿನ್ಲೆ ನದಿಯಾದ ಅಂದರೆ ಥಟ್ಟನೆ ಅರ್ಥವಾಗುತ್ತದೆ. ನನಗೆ ಇವನ ಮೇಲೆ ಪ್ರೀತಿ ಹುಟ್ಟಿದ್ದೂ ಅಲ್ಲಿಂದಲೇ.

ಆದರೆ ಗೂಗಲ್‌ನಲ್ಲಿ ಹುಡುಕಿದಾಗ ಜಾಸ್ತಿ ಸಿಗುವುದು ಕ್ಯೂಬಾದ ಎರಿನ್ಲೆ. ಅಲ್ಲಿ ಅವನ ಹೆಸರು ಇನ್ಲೆ. ಗುಲಾಮರಾಗಿ ಹಡಗು ಹತ್ತಿದ ಯೊರುಬಾ ಜನ ತಮ್ಮ ಒರಿಶಗಳನ್ನು ಕ್ಯಾಥೋಲಿಕ್ ಸಂತರ ಜೊತೆ ಸೇರಿಸಿಕೊಂಡು ಪೂಜಿಸಿದರು. ಇನ್ಲೆ ಸೇರಿದ್ದು ರಫಾಯೆಲ್ ಎಂಬ ದೇವದೂತನ ಜೊತೆ. ರಫಾಯೆಲ್ ಮೀನಿನ ಪಿತ್ತದಿಂದ ಕಣ್ಣು ವಾಸಿ ಮಾಡಿಸಿದ ಅಂತ ಕ್ಯಾಥೋಲಿಕರ ಹಳೆಯ ಗ್ರಂಥದಲ್ಲಿದೆ. ಇನ್ಲೆ ನೀರಿನವನು, ಔಷಧ ಬಲ್ಲವನು. ಹಾಗಾಗಿ ಜೋಡಿ ಸರಿಯಾಗಿಯೇ ಕೂತಿತು. ಇದೂ ದೊಡ್ಡ ಕತೆಯೇ, ಅಷ್ಟು ಕಷ್ಟದ ನಡುವೆ ದೇವರನ್ನು ಉಳಿಸಿಕೊಂಡ ಜನರ ಬಗ್ಗೆ ನನಗೆ ಬಹಳ ಗೌರವ ಇದೆ. ಬೇಸರ ಬರುವುದು ಆ ಪುಟಗಳನ್ನು ಓದುವಾಗ. ಇಂಥ ಬಣ್ಣ, ಇಂಥ ದಿನ, ಇಂಥ ನೈವೇದ್ಯ, ಮುಗಿಯಿತು. ಇಲೊಬುವಿನ ಬೇಟೆಗಾರ ಅದರಲ್ಲಿ ಎಲ್ಲೂ ಇಲ್ಲ.

ಅವನು ಇರುವುದು ಒರಿಕಿಯಲ್ಲಿ. ಒರಿಕಿ ಅಂದರೆ ಹೊಗಳಿ ಕರೆಯುವ ಮಾತು. ದೇವರಿಗೆ ಮಾತ್ರ ಅಂತ ಇಲ್ಲ. ಮನುಷ್ಯರಿಗೆ, ಕುಟುಂಬಕ್ಕೆ, ಊರಿಗೆ, ಪ್ರಾಣಿಗಳಿಗೂ ಒರಿಕಿ ಇದೆ. ಅಳುವ ಮಗುವನ್ನು ಸಮಾಧಾನ ಮಾಡಲು ತಾಯಿ ಅದರ ಒರಿಕಿ ಹೇಳುತ್ತಾಳೆ. ಕರೆಸಿಕೊಂಡವರಿಗೆ ತಲೆ ಉಬ್ಬಿದ ಹಾಗೆ ಆಗುತ್ತದಂತೆ.

ಹೊಸದಾಗಿ ಒರಿಕಿ ಓದುವವರು ಒಂದು ವಿಷಯ ನೆನಪಿಡಬೇಕು. ಅದರಲ್ಲಿ ಕತೆ ಇರುವುದಿಲ್ಲ. ಸಾಲಿನ ಮೇಲೆ ಸಾಲು ಬಿರುದು ಬರುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಬೇಕೆಂದಿಲ್ಲ. ನಮ್ಮ ಚಾಲುಕ್ಯರ ಶಾಸನಗಳಲ್ಲಿ 'ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ' ಅಂತ ಉಸಿರು ಬಿಡದೆ ಬರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಆದರೆ ಶಾಸನದ ಬಿರುದುಗಳು ಯಾವ ರಾಜನಿಗಾದರೂ ಹೊಂದುತ್ತವೆ. ಒರಿಕಿಯ ಎಷ್ಟೋ ಸಾಲು ಹಾಗಲ್ಲ, ಅವು ಅವನೊಬ್ಬನವೇ ಅನಿಸುತ್ತವೆ. ಒಗುನ್‌ನ ಒರಿಕಿಯಲ್ಲಿ ತುಂಬ ಪ್ರಸಿದ್ಧವಾದ ಮಾತೊಂದಿದೆ: ಮನೆಯಲ್ಲಿ ನೀರಿದ್ದೂ ನೆತ್ತರಲ್ಲಿ ಮೀಯುವವನು, ಮನೆಯಲ್ಲಿ ಬಟ್ಟೆ ಇದ್ದೂ ತಾಳೆಯ ಎಳೆಗರಿ ಹೊದೆಯುವವನು. ಯಾಕೆ ಅಂತ ಆ ಸಾಲು ಹೇಳುವುದಿಲ್ಲ. ಹೇಳಿ ನಿಲ್ಲುತ್ತದೆ, ಮುಂದಿನ ಸಾಲು ಬೇರೆಲ್ಲೋ ಹೋಗುತ್ತದೆ. ಆ ಎಳೆಗರಿಗೆ ಅವರು ಮಾರಿವೊ ಅನ್ನುತ್ತಾರೆ, ಗುಡಿಯ ಬಾಗಿಲಿಗೂ ಕಟ್ಟುತ್ತಾರೆ. ತೆಂಗಿನ ಎಳೆಗರಿಯ ತಿರಿ ಸುತ್ತಿಕೊಂಡು ಗುಳಿಗ ದೈವ ಎದ್ದು ಬರುವುದನ್ನು ಕಂಡವರು ಈ ಸಾಲನ್ನು ಸುಮ್ನೆ ದಾಟಿ ಹೋಗಲಾರರು.

ಹಾಗಾದರೆ ಕತೆ ಎಲ್ಲಿದೆ? ಅದಕ್ಕೆ ಇತಾನ್ ಎಂಬ ಬೇರೆಯೇ ಮಾತುಗಾರಿಕೆ ಇದೆ, ಹಿರಿಯರು ಕೂತು ಹೇಳುವಂಥದ್ದು. ಕರೀನ್ ಬಾರ್ಬರ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1970ರ ದಶಕದಲ್ಲಿ ಒಕುಕು ಎಂಬ ಊರಿನಲ್ಲಿ ವರ್ಷಗಟ್ಟಲೆ ಇದ್ದು ಒರಿಕಿ ಕೇಳಿದರು. ಅಲ್ಲಿ ಒರಿಕಿಯನ್ನು ಮುಖ್ಯವಾಗಿ ಹೇಳುವವರು ಹೆಂಗಸರು. ಅದೇ ಸಾಲುಗಳ ಹಿಂದಿನ ಇತಿಹಾಸ ಬಿಡಿಸಿ ಹೇಳುವವರು ಹೆಚ್ಚಾಗಿ ಗಂಡಸರು. 1991ರಲ್ಲಿ ಬಂದ ಅವರ ಪುಸ್ತಕದ ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳಿದರೆ 'ನಾಳೆಯವರೆಗೂ ಹೇಳಬಲ್ಲೆ' ಅಂತಾಗುತ್ತದೆ. ಗದ್ದೆಯಲ್ಲಿ ನೇಜಿ ನೆಡುತ್ತಾ ಪಾಡ್ದನ ಹೇಳುವ ಹೆಂಗಸರನ್ನು ಕಂಡ ನಮಗೆ ಆ ಹೆಸರು ಹಿಡಿಸದೆ ಇರುತ್ತದಾ?

ಒರಿಕಿಯನ್ನು ಬಾಯಿ ಮಾತ್ರ ಹೇಳುವುದಿಲ್ಲ, ವಾದ್ಯವೂ ಹೇಳುತ್ತದೆ. ಯೊರುಬಾ ಭಾಷೆಯಲ್ಲಿ ಏರು, ನಡು, ತಗ್ಗು ಅಂತ ಮೂರು ಸ್ವರಮಟ್ಟಗಳಿವೆ. ಮಟ್ಟ ಬದಲಾದರೆ ಅರ್ಥವೇ ಬದಲು. ದುಂಡುನ್ ಎಂಬ ವಾದ್ಯ ನಮ್ಮ ದೇವಸ್ಥಾನಗಳ ಇಡಕ್ಕದ ಹಾಗೆ, ನಡು ಸಣ್ಣ, ಎರಡು ಮುಖ, ಹುರಿ ಹಿಂಡಿದರೆ ನಾದ ಏರುತ್ತದೆ. ಕೋಲಿನಿಂದ ಬಾರಿಸುತ್ತಾ ಮಾತಿನ ಮಟ್ಟವನ್ನೇ ನುಡಿಸುತ್ತಾರೆ, ಕೇಳುವವರು ಮಾತಾಗಿಯೇ ಕೇಳಿಸಿಕೊಳ್ಳುತ್ತಾರೆ. ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ಅಚ್ಚಾದ ಒರಿಕಿ ಓದುವ ಮೊದಲು ದಯವಿಟ್ಟು ಅದನ್ನು ಕೇಳಿ.

ಎರಿನ್ಲೆಗೆ ಇನ್ನೊಂದು ಗುರುತಿದೆ, ಅದು ಮಣ್ಣಿನ ಪಾತ್ರೆ. ಅವನ ಗುಡಿಯಲ್ಲಿ ಮುಚ್ಚಳ ಇರುವ ಒಂದು ಮಡಕೆ ಇಡುತ್ತಾರೆ. ಒಳಗೆ ನೀರು ಮತ್ತು ನದಿಯಿಂದ ತಂದ ನುಣುಪು ಕಲ್ಲುಗಳು. ಒಕೆ ಒದಾನ್ ಎಂಬ ಊರಿನ ಅಬಾತಾನ್ ಎಂಬ ಕುಂಬಾರ ಹೆಂಗಸಿನ ಕೈಯ ಮಡಕೆಗಳ ಬಗ್ಗೆ ಅಮೆರಿಕದ ಕಲಾ ಇತಿಹಾಸಕಾರ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ 1969ರಲ್ಲಿ ಬರೆದಿದ್ದಾರೆ. ಮುಚ್ಚಳದ ಮೇಲೆ ಹೆಣ್ಣಿನ ಆಕೃತಿ, ಸುತ್ತಲೂ ಕಿರೀಟದ ಹಾಗೆ ಬಾಗಿ ಸೇರುವ ಮಣ್ಣಿನ ಪಟ್ಟಿಗಳು. ಚಿತ್ರ ನೋಡುತ್ತಾ ಕೂತರೆ ಏಳಲು ಮನಸ್ಸಾಗುವುದಿಲ್ಲ. ಒಕೆ ಒದಾನ್ ಇರುವುದು ಇಲೊಬುವಿನಿಂದ ಬಹಳ ದೂರ, ಬೆನಿನ್ ದೇಶದ ಗಡಿಯ ಹತ್ತಿರ. ಅಲ್ಲಿ ಎರಿನ್ಲೆಯ ಹೆಸರು ಎಯಿನ್ಲೆ. ಹೆಸರು ಸ್ವಲ್ಪ ಬದಲಾದರೂ ನದಿಯ ಕಲ್ಲು, ನದಿಯ ನೀರು ಜೊತೆಗೇ ಹೋಗಿದೆ.

ಬೆನಿನ್ ಗಡಿ ಅಂದಾಗ ಕೇತು ಎಂಬ ಊರು ನೆನಪಾಗುತ್ತದೆ. ಯೊರುಬಾ ಜನರದೇ ಊರು, ಈಗ ಗಡಿಯ ಆಚೆ ಇದೆ. 1956ರ ನವೆಂಬರ್ 1ರಂದು ಕೇರಳದ ಕಡೆಗೆ ಸೇರಿದ ಊರಿನವನಾದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಒಶೋಸಿ ಎಂಬ ಇನ್ನೊಬ್ಬ ಬೇಟೆಗಾರ ದೇವರು ಕೇತುವಿನವನು. ಫ್ರೆಂಚ್ ಸಂಶೋಧಕ ಪಿಯರ್ ವರ್ಜೆ ಬರೆದ ಪ್ರಕಾರ ಅಲ್ಲಿ ಅವನ ಪೂಜೆ ಹೆಚ್ಚುಕಮ್ಮಿ ನಿಂತೇ ಹೋಯಿತು, ಯಾಕೆಂದರೆ ಅವನನ್ನು ನಂಬಿದವರನ್ನು ಹಿಡಿದು ಬ್ರೆಜಿಲ್‌ಗೆ, ಕ್ಯೂಬಾಕ್ಕೆ ಮಾರಿಬಿಟ್ಟಿದ್ದರು. ಬ್ರೆಜಿಲ್‌ನಲ್ಲಿ ಇವತ್ತಿಗೂ ಅವನು ದೊಡ್ಡ ದೇವರು. ಮನುಷ್ಯರಿಲ್ಲದಿದ್ದರೆ ಒರಿಶವೂ ಇಲ್ಲ ಅಂತ ಯೊರುಬಾದಲ್ಲಿ ಒಂದು ಗಾದೆಯೇ ಇದೆ. ಕರೆಯುವ ಬಾಯಿ ಎಲ್ಲಿಗೆ ಹೋಯಿತೋ ದೇವರೂ ಅಲ್ಲಿಗೆ ಹೋದ.

ಹೊರಗಿನಿಂದ ಬಂದ ಧರ್ಮ ಕೊಟ್ಟ ಹೆಸರಿನ ಬಗ್ಗೆಯೂ ಹೇಳಲೇಬೇಕು. 19ನೇ ಶತಮಾನದಲ್ಲಿ ಬೈಬಲ್ಲನ್ನು ಯೊರುಬಾಕ್ಕೆ ತರುವ ಕೆಲಸದ ಮುಂದಾಳು ಸ್ಯಾಮ್ಯುಯೆಲ್ ಕ್ರೌಥರ್, ಅವರೂ ಯೊರುಬಾದವರೇ. ಸೈತಾನನಿಗೆ ಅಲ್ಲಿ ಬಂದ ಹೆಸರು ಎಶು. ಎಶು ನಿಜವಾಗಿ ಕವಲುದಾರಿಯ ದೇವರು, ಬಲಿಯನ್ನು ಉಳಿದ ಒರಿಶಗಳಿಗೆ ತಲುಪಿಸುವವನು. ಆ ಕಳಂಕ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಭೂತಾರಾಧನೆಗೂ ಹೀಗೆಯೇ ಆಯಿತು. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ ಅಚ್ಚಾಗತೊಡಗಿದಾಗ ಅವುಗಳ ಮೇಲಿದ್ದ ತಲೆಬರಹ 'ತುಳುವರ ಪಿಶಾಚಿ ಪೂಜೆ' ಅಂತ. ಆ ಹೆಸರು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಒಳಗಿರುವ ಪಾಡ್ದನಗಳು ಮಾತ್ರ ಚಿನ್ನ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ನಮ್ಮ ಕಡೆ ಭೂತಕೋಲದ ಹೊತ್ತಿಗೆ ದೈವದ ಎದುರು ನಿಂತು ಮದಿಪು, ಅಂದರೆ ದೈವವನ್ನು ಕರೆಯುವ ಮಾತು, ಹೇಳುವ ಹಿರಿಯರೊಬ್ಬರ ಜೊತೆ ಮಾತಿಗೆ ಕೂತಿದ್ದೆ. ಮದಿಪಿನ ನಡುವೆ ಒಂದು ಬೈಲಿನ ಹೆಸರು, ಒಂದು ಕಟ್ಟೆಯ ಹೆಸರು ಬಂದು ಹೋಗುತ್ತದೆ, ಆ ಎರಡು ಜಾಗಕ್ಕೂ ಈಗಿನ ಗುಡಿಗೂ ಏನೂ ಸಂಬಂಧ ಕಾಣುವುದಿಲ್ಲ.

"ಅಜ್ಜ, ಆ ಹೆಸರು ಎಂತಕ್ಕೆ ಬರ್ತದೆ ಅಲ್ಲಿ?"

"ಅದು ದೈವ ಬಂದ ದಾರಿ ಮಾರಾಯ. ದಾರಿ ಹೇಳದೆ ಕರೆಯುವುದು ಹೇಗೆ?"

ಎರಿನ್ಲೆಯ ಒರಿಕಿಯನ್ನು ಈಗ ನಾನು ಓದುತ್ತಿರುವುದು ಹೀಗೆಯೇ. ಅವನ ನದಿಯ ಆಳದ ಮಡುಗಳಿಗೆ ಇಬು ಅನ್ನುತ್ತಾರೆ, ಒಂದೊಂದಕ್ಕೂ ಬೇರೆ ಹೆಸರಿದೆ. ಬ್ರೆಜಿಲ್‌ನಲ್ಲಿ ಅವನನ್ನು ಇಬುವಲಾಮ ಅಂತ ಕರೆಯುತ್ತಾರೆ, ಅದು ಇಬು ಅಲಾಮೊ ಎಂಬ ಮಡುವಿನ ಹೆಸರಿನಿಂದ ಬಂದದ್ದು. ಈ ಊರು, ಮಡುಗಳ ಹೆಸರುಗಳನ್ನೆಲ್ಲ ಒಂದು ಪಟ್ಟಿ ಮಾಡಿಕೊಂಡು ನಕಾಶೆಯಲ್ಲಿ ಹುಡುಕುತ್ತಿದ್ದೇನೆ.

ಇದರ ಜೊತೆಗೇ ಇನ್ನೊಂದು ಪಟ್ಟಿಯೂ ಶುರುವಾಗಿದೆ. ಎಣ್ಮಕಜೆ, ಪೈವಳಿಕೆ, ಕುಂಬಳೆ, ಮುಳ್ಳೇರಿಯ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮನೆಯ ಅಥವಾ ಊರಿನ ದೈವದ ಮದಿಪಿನಲ್ಲಿ, ಪಾಡ್ದನದಲ್ಲಿ ಬರುವ ಜಾಗದ ಹೆಸರುಗಳನ್ನು ಬರೆದು ಕಳಿಸಿ. ಹೆಸರು ಕೇಳದ ಸಣ್ಣ ದೈವ ಆದರೆ ಇನ್ನೂ ಒಳ್ಳೆಯದು. ರೆಕಾರ್ಡ್ ಮಾಡುವುದಾದರೆ ಹೇಳುವವರ ಒಪ್ಪಿಗೆ ಕೇಳಿಕೊಂಡೇ ಮಾಡಿ. ಬೇಡ ಅಂದರೆ ಬೇಡ.