ನಿಮ್ಮ ತಂದೆ ಏನು ತಪ್ಪು ಮಾಡಿದ್ದಾರೆ?

ಕೆಳಗಿನ ಮನೆಯ ಅಜ್ಜಿ ಕನ್ನಡಕ ಏರಿಸಿಕೊಂಡು ನನ್ನ ಕೈಯಲ್ಲಿದ್ದ ಪಟ್ಟಿ ಓದಿದರು. ಮೇಲಿಂದ ಕೆಳಗೆ ಒಂದು ಸಲ, ಕೆಳಗಿಂದ ಮೇಲೆ ಇನ್ನೊಂದು ಸಲ. ಆಮೇಲೆ ಕೇಳಿದರು: "ನಿಮ್ಮ ತಂದೆ ಏನು ತಪ್ಪು ಮಾಡಿದ್ದಾರೆ?"

ನನಗೆ ತಲೆಬುಡ ಗೊತ್ತಾಗಲಿಲ್ಲ. "ಅಲ್ಲ, ಈ ವಯಸ್ಸಲ್ಲಿ ಅವರಿಗೆ ಇಂಥ ಶಿಕ್ಷೆ ಯಾಕೆ ಅಂತ ಕೇಳಿದೆ" ಅಂದರು. ನಗಲೇ ಇಲ್ಲ. ಈ ಅಜ್ಜಿಯ ಜೊತೆ ಇದೇ ಕಷ್ಟ. ಮುಖ ನೋಡಿದರೆ ತಮಾಷೆ ಮಾಡಿದರೋ ಬೈದರೋ ಗೊತ್ತಾಗುವುದಿಲ್ಲ.

ಪಟ್ಟಿ ನನ್ನದಲ್ಲ, ಅಣ್ಣನದು. ಸೆಪ್ಟೆಂಬರ್ ಕೊನೆಗೆ ಅಪ್ಪಯ್ಯ, ಅಮ್ಮ, ಅಣ್ಣ, ಅತ್ತಿಗೆ ಬರುತ್ತಿದ್ದಾರೆ. ಮೊದಲು ಪ್ಯಾರಿಸ್, ಆಮೇಲೆ ಸ್ವಿಟ್ಜರ್ಲೆಂಡ್, ಕೊನೆಗೆ ಜರ್ಮನಿಯ ಮೈನ್ಸ್‌ನಲ್ಲಿರುವ ನಮ್ಮ ಮನೆ. ಇಲ್ಲಿಂದ ರೈನ್ ನದಿಯ ಕಣಿವೆ ತೋರಿಸೋಕೆ ಸಿಕ್ಕಿರುವುದು ಎರಡೇ ದಿನ. ಅಣ್ಣ ಬೆಂಗಳೂರಲ್ಲಿ ಕೂತು ವಿಡಿಯೋ ನೋಡಿ ನೋಡಿ ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದ. ಮೊದಲ ದಿನ ರ್ಯೂಡೆಸ್‌ಹೈಮ್ ಕೇಬಲ್ ಕಾರು, ಅಲ್ಲಿಂದ ಹಡಗು, ಕೌಬ್ ಊರಿನ ನಡುನೀರಿನ ಕೋಟೆ, ಲೋರೆಲೈ ಬಂಡೆಯ ನೆತ್ತಿ, ರೈನ್‌ಫೆಲ್ಸ್ ಕೋಟೆ. ಎರಡನೇ ದಿನ ಬೊಪ್ಪಾರ್ಡ್, ಮಾರ್ಕ್ಸ್‌ಬುರ್ಗ್ ಕೋಟೆ, ಕೋಬ್ಲೆನ್ಸ್‌ನ ಕೇಬಲ್ ಕಾರು, ಅಲ್ಲೊಂದು ಕೋಟೆ. ಕೊನೆಗೆ 'ಟೈಮ್ ಇದ್ರೆ' ಅಂತ ಬರೆದು ಮೊಸೆಲ್ ನದಿಯ ಕಡೆಯ ಎಲ್ಟ್ಸ್ ಕೋಟೆ. ಅಪ್ಪಯ್ಯನ ಮಂಡಿ ನೋವಿಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಆದರೂ ಅಜ್ಜಿಯ ಮಾತು ಚುಚ್ಚಿತು. ಅವರಿಗೇನು, ಭಾನುವಾರ ಬಿಸಿಲು ಬಂದರೆ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ರೈಲು ಹತ್ತುತ್ತಾರೆ. ನಮ್ಮವರು ಬರುವುದು ಹಾಗಾ? ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಾಗದ, ಇನ್ಶೂರೆನ್ಸ್ ಎಲ್ಲ ಜೋಡಿಸಿ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ವೀಸಾ ಬರುತ್ತೋ ಇಲ್ಲವೋ ಅಂತ ಕಾದು, ಅಷ್ಟು ದುಡ್ಡು ಸುರಿದು ಬರಬೇಕು. ಮತ್ತೊಂದು ಸಲ ಬರುತ್ತಾರೆ ಅನ್ನುವ ನಂಬಿಕೆ ಯಾರಿಗೂ ಇಲ್ಲ. ಹಾಗಿರುವಾಗ ಸಿಕ್ಕಿದ್ದನ್ನೆಲ್ಲ ನೋಡಿಬಿಡೋಣ ಅನ್ನುವುದು ದುರಾಸೆ ಅಲ್ಲ. ಇದನ್ನು ಅಜ್ಜಿಗೆ ಹೇಳಿದೆ. "ಹೌದು, ಅದು ನಿಜ" ಅಂತ ಒಪ್ಪಿಕೊಂಡರು. ಆಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. ಒಪ್ಪಿದ ಮೇಲೂ ಬಿಡುವ ಜನ ಅಲ್ಲ.

ಅಜ್ಜಿ ಹುಟ್ಟಿ ಬೆಳೆದದ್ದು ಕೌಬ್ ಹತ್ತಿರ, ಹೊಳೆ ದಂಡೆಯಲ್ಲೇ. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ ಈ 65 ಕಿಲೋಮೀಟರ್ ಕಣಿವೆಯನ್ನು 2002ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸುಮಾರು 40 ಕೋಟೆ, ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಕಪ್ಪು ಕಲ್ಲಿನ ಚಪ್ಪಡಿ ಹೊದಿಸಿದ ಮಾಡುಗಳು. ಪೋಸ್ಟ್‌ಕಾರ್ಡಿನಲ್ಲಿ ಇರುವುದು ಇಷ್ಟು. ಅಲ್ಲಿ ಇಲ್ಲದ್ದನ್ನು ಅಜ್ಜಿ ಹೇಳಿದರು. ಎರಡೂ ದಡದಲ್ಲಿ ರೈಲು ಹಳಿ ಇದೆ, ರಾತ್ರಿಯಿಡೀ ಗೂಡ್ಸ್ ಗಾಡಿ. ಅವರು ಸಣ್ಣವರಿದ್ದಾಗ ಕಪಾಟಿನೊಳಗಿನ ಕಪ್ಪುಗಳು ಕಿಣಿಕಿಣಿ ಅನ್ನುತ್ತಿದ್ದವಂತೆ. ಅವರಮ್ಮ ಎರಡು ಕಪ್ಪುಗಳ ನಡುವೆ ಬಟ್ಟೆ ತುಂಡು ಇಟ್ಟು ಮಲಗುತ್ತಿದ್ದರಂತೆ. "ಅಲ್ಲಿ ಒಂದು ರಾತ್ರಿ ಉಳಿಯುವುದಾದರೆ ಹಳಿ ಕಡೆಗೆ ಕಿಟಕಿ ಇಲ್ಲದ ರೂಮು ಕೇಳಿ" ಅಂದರು. ಅಣ್ಣ ನೋಡಿದ ಯಾವ ವಿಡಿಯೋದಲ್ಲೂ ಇದನ್ನು ಹೇಳಿರಲಿಲ್ಲ.

ಇನ್ನೊಂದು ವಿಷಯ. ಮೈನ್ಸ್ ದಾಟಿದರೆ ಕೋಬ್ಲೆನ್ಸ್‌ವರೆಗೆ ನದಿಗೆ ಒಂದೂ ಸೇತುವೆ ಇಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಫೆರಿ ಹತ್ತಬೇಕು. ಸೇತುವೆ ಬೇಕು, ಬೇಡ ಅಂತ ವರ್ಷಗಟ್ಟಲೆ ಜಗಳ ನಡೆದಿದೆ. ಡ್ರೆಸ್ಡೆನ್‌ನಲ್ಲಿ ಎಲ್ಬೆ ನದಿಗೆ ಸೇತುವೆ ಕಟ್ಟಿದ್ದಕ್ಕೆ 2009ರಲ್ಲಿ ಆ ಕಣಿವೆಯನ್ನು ಯುನೆಸ್ಕೋ ಪಟ್ಟಿಯಿಂದಲೇ ತೆಗೆದುಹಾಕಿದರು. ಆ ಭಯ ಇಲ್ಲಿಯವರಿಗೂ ಇದೆ. ರಾತ್ರಿ ಆಸ್ಪತ್ರೆಗೆ ಓಡಬೇಕಾದ ದಂಡೆಯ ಜನ ಏನು ಮಾಡಬೇಕು ಅಂತ ಅಜ್ಜಿ ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ನೋಡೋಕೆ ಬಂದು ಹೋಗುವವರಿಗೆ ಮಾತ್ರ ಫೆರಿ ಚೆಂದ.

ನಡುನೀರಿನ ಕೋಟೆ ಅಂದೆನಲ್ಲ, ಅದನ್ನು 1327ರ ಹೊತ್ತಿಗೆ ಕಟ್ಟಿದ್ದು ಸುಂಕ ವಸೂಲಿಗೆ. ನದಿಗೆ ಅಡ್ಡ ಸರಪಳಿ ಎಳೆದು ಹಡಗು ನಿಲ್ಲಿಸಿ ದುಡ್ಡು ಕೀಳುತ್ತಿದ್ದರು. ಅಣ್ಣನಿಗೆ ಫೋನಲ್ಲಿ ಹೇಳಿದೆ. "ಓ, ನಮ್ಮ ಹೈವೇ ಟೋಲ್ ಥರ. ನೋಡಲೇಬೇಕು" ಅಂದ.

2018ರ ಅಕ್ಟೋಬರ್‌ನಲ್ಲಿ ಕೌಬ್‌ನ ನೀರಿನ ಮಾಪಕ 25 ಸೆಂಟಿಮೀಟರಿಗೆ ಇಳಿದಿತ್ತು. ಸರಕಿನ ದೋಣಿಗಳು ಅರ್ಧ ಹೊರೆಯನ್ನೂ ಹೊರುವ ಹಾಗಿರಲಿಲ್ಲ. ಆಗ ಜನ ಕಲ್ಲುಗಳ ಮೇಲೆ ನಡೆದುಕೊಂಡೇ ಆ ಕೋಟೆಯ ದ್ವೀಪಕ್ಕೆ ಹೋಗಿ ಬಂದರು. ಅಜ್ಜಿಯೂ ಹೋಗಿದ್ದರಂತೆ, ಅಕ್ಕನ ಜೊತೆ. "ಜೀವಮಾನದಲ್ಲಿ ನದಿಯ ತಳ ನೋಡಿದ್ದು ಅದೇ ಮೊದಲು. ಸಂತೋಷ ಆಗಲಿಲ್ಲ" ಅಂದರು. ಫೋಟೋ ತೋರಿಸಿ ಅಂದೆ. ತೆಗೆದಿಲ್ಲವಂತೆ.

ಮಾತು ಅಲ್ಲಿಂದ ಹಳೆಯ ಕಾಲಕ್ಕೆ ಹೋಯಿತು. ಎಪ್ಪತ್ತರ ದಶಕದಲ್ಲಿ ರೈನ್ ಅಂದರೆ ಯುರೋಪಿನ ಚರಂಡಿ. ಅಜ್ಜಿ ತಮ್ಮ ಮಕ್ಕಳಿಗೆ ಅದರಲ್ಲಿ ಕಾಲು ಅದ್ದೋಕೂ ಬಿಟ್ಟಿರಲಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ನಂದಿಸೋಕೆ ಹೊಡೆದ ನೀರು ಕೀಟನಾಶಕವನ್ನೆಲ್ಲ ತೊಳೆದುಕೊಂಡು ಹೊಳೆಗೆ ಇಳಿಯಿತು. ನೀರು ಕೆಂಪಾಯಿತು. ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಮರುವರ್ಷವೇ ನದಿ ಹಾದುಹೋಗುವ ದೇಶಗಳು ಒಟ್ಟಿಗೆ ಕೂತು ಒಂದು ಕಾರ್ಯಕ್ರಮ ಹಾಕಿಕೊಂಡವು. ಸಾಲ್ಮನ್ ಮೀನು ಮತ್ತೆ ಈ ನದಿಗೆ ಬರಬೇಕು ಅನ್ನುವುದೇ ಗುರಿ. ಕೊಳಕಿನ ಲೆಕ್ಕವನ್ನು ಮೀನು ಇಟ್ಟು ಅಳೆದ ಈ ಉಪಾಯ ನನಗೆ ಬಹಳ ಹಿಡಿಸಿತು. ಸಾಲ್ಮನ್ ಈಗ ಅಲ್ಪಸ್ವಲ್ಪ ಬರುತ್ತಿದೆ. ಅದಕ್ಕೆ ಮೂರು ದಶಕದ ಮೇಲೆ ಕೆಲಸ ಹಿಡಿದಿದೆ, ಇನ್ನೂ ಮುಗಿದಿಲ್ಲ.

"ನಿಮ್ಮೂರಲ್ಲಿ ನದಿ ಇಲ್ವಾ?" ಅಂತ ಆಗ ಕೇಳಿದರು.

ಇದೆ. ನಮ್ಮದು ತೀರ್ಥಹಳ್ಳಿ, ಹೊಳೆ ತುಂಗೆ. ಅಪ್ಪಯ್ಯ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆಯ ಸಂಜೆ ಆಫೀಸು ಬಿಟ್ಟವರು ಸೀದಾ ಮನೆಗೆ ಬಂದು, ಪ್ಯಾಂಟು ಕಳಚಿ ಪಂಚೆ ಸುತ್ತಿ ನಮ್ಮಿಬ್ಬರನ್ನು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ರಾಮ ಮಂಟಪದಿಂದ ಸ್ವಲ್ಪ ದೂರಕ್ಕೆ ಒಂದು ಬಂಡೆ, ಅದು ಅವರ ಕಾಯಂ ಜಾಗ. ಚಪ್ಪಲಿಯನ್ನು ಪಕ್ಕದಲ್ಲಿ ಜೋಡಿಸಿಟ್ಟು, ಪಂಚೆ ಮಂಡಿಯವರೆಗೆ ಎತ್ತಿ, ನೀರಿಗೆ ಕಾಲು ಬಿಟ್ಟು ಕೂರುತ್ತಿದ್ದರು. ಸಣ್ಣ ಮೀನು ಬಂದು ಹಿಮ್ಮಡಿ ಕಚ್ಚುತ್ತಿದ್ದವು. ನಾವು ಮರಳಲ್ಲಿ ಗುಂಡಿ ತೋಡಿ ನೀರು ಬರುವುದನ್ನು ಕಾಯುತ್ತಿದ್ದೆವು. ಅಪ್ಪಯ್ಯ ಏನೂ ಮಾತಾಡುತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ "ಏಳಿ ಮಕ್ಕಳೇ" ಅಂದರೆ ಮುಗಿಯಿತು. ಅದನ್ನು ನಾವು ಪ್ರವಾಸ ಅಂತ ಕರೆಯಲಿಲ್ಲ. ಪ್ರವಾಸ ಅಂದರೆ ಶಾಲೆಯಿಂದ ಬಸ್ಸು ಮಾಡಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನಕ್ಕೆ ಓಡುವುದು. ಮೇಷ್ಟ್ರು ಸೀಟಿ ಊದುತ್ತಿದ್ದರು, ನಾವು ಬಸ್ಸಿಗೆ ಓಡುತ್ತಿದ್ದೆವು. ಅಣ್ಣನ ಪಟ್ಟಿಗೆ ಆ ಬಸ್ಸೇ ಮೂಲ ಅಂತ ನನಗೀಗ ಗುಮಾನಿ.

ಗಂಗಾ ಸ್ನಾನ, ತುಂಗಾ ಪಾನ ಅಂತ ಅಜ್ಜಿಗೆ ಹೆಮ್ಮೆಯಿಂದಲೇ ಹೇಳಿದೆ. ಕುಡಿಯೋಕೆ ತುಂಗೆಯ ನೀರಿಗಿಂತ ಸಿಹಿ ಇಲ್ಲ ಅಂತ ನಮ್ಮ ಕಡೆ ನಂಬಿಕೆ ಅಂದೆ. ಎಳ್ಳಮಾವಾಸ್ಯೆ ಜಾತ್ರೆ, ತೀರ್ಥಸ್ನಾನ, ತೆಪ್ಪೋತ್ಸವ ಎಲ್ಲ ಬಣ್ಣಿಸಿದೆ. ಅವರು ಸಹಜವಾಗಿ ಕೇಳಿದರು: "ಈಗಲೂ ಕುಡಿಯುತ್ತೀರಾ?"

ಕಳೆದ ಸಲ ಊರಿಗೆ ಹೋದಾಗ ಮಗಳನ್ನು ಅದೇ ಬಂಡೆಗೆ ಕರೆದುಕೊಂಡು ಹೋಗಿದ್ದೆ. ಬಂಡೆ ಇತ್ತು. ಸುತ್ತ ಶಾಂಪೂ ಪೊಟ್ಟಣ, ಒದ್ದೆ ಬಟ್ಟೆ, ಪ್ಲಾಸ್ಟಿಕ್ ತಟ್ಟೆ, ಬಿಯರ್ ಬಾಟಲಿಯ ಚೂರು. ಹೊಳೆಯನ್ನು ತಾಯಿ ಅನ್ನುವವರೇ ಮುಳುಗೆದ್ದು, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದದ್ದು. ಮಗಳು ಚಪ್ಪಲಿ ಬಿಚ್ಚೋಕೆ ಹೊರಟಳು, ನಾನೇ ಬೇಡ ಅಂದೆ. ಇದನ್ನೆಲ್ಲ ಅಜ್ಜಿಗೆ ಹೇಳಲಿಲ್ಲ. "ಕಾಯಿಸಿ ಕುಡಿಯುತ್ತೇವೆ" ಅಂದುಬಿಟ್ಟೆ. ನಮ್ಮ ಹೊಳೆಯ ಮಾನ ಪರದೇಶದಲ್ಲಿ ಯಾಕೆ ಕಳೆಯಬೇಕು, ಅಲ್ವಾ? ನಿಮ್ಮೆದುರು ಹೇಳೋಕೆ ನನಗೆ ಅಡ್ಡಿ ಇಲ್ಲ. ಇಲ್ಲಿಯವರು ಹುಟ್ಟಾ ಶುದ್ಧರೇನೂ ಅಲ್ಲ. ನಮಗಿಂತ ಜಾಸ್ತಿಯೇ ಕೆಡಿಸಿದ್ದರು. ಆದರೆ ಕೆಟ್ಟಿದೆ ಅಂತ ಒಪ್ಪಿಕೊಂಡು ಲೆಕ್ಕ ಇಡೋಕೆ ಶುರು ಮಾಡಿದರು. ನಾವು ಆರತಿ ಮಾಡುತ್ತೇವೆ, ಮಾರನೇ ದಿನ ಮತ್ತೆ ಕಸ ಎಸೆಯುತ್ತೇವೆ.

ಆ ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿ ಅಲ್ಲಿ ಏನೇನಿದೆ ಅಂತ ಓದಿ ಹೇಳಿದೆ. 132 ಮೀಟರ್ ಎತ್ತರದ ಲೋರೆಲೈ ಬಂಡೆ, ಅದರ ಮೇಲೆ ಕೂತು ಹಾಡಿ ನಾವಿಕರ ದಾರಿ ತಪ್ಪಿಸುತ್ತಿದ್ದ ಹೆಣ್ಣಿನ ಕತೆ, ಹೊಳೆ ಎದುರಿನ ಬೆಟ್ಟದ ಮೇಲೆ ಒಮ್ಮೆಯೂ ಹಾಳಾಗದ ಮಾರ್ಕ್ಸ್‌ಬುರ್ಗ್ ಕೋಟೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಅಲ್ಲಿ ಹೊಳೆಗೆ ಇಳೀಲಿಕ್ಕೆ ಬಿಡ್ತಾರಾ?"

ಈಜೋದು ಬೇಡವೇ ಬೇಡ ಅಪ್ಪಯ್ಯ, ಸೆಳೆತ ಜೋರು, ದೊಡ್ಡ ದೊಡ್ಡ ಸರಕಿನ ದೋಣಿ ಓಡಾಡ್ತವೆ ಅಂದೆ. "ಈಜ್ತೇನೆ ಅಂದ್ನಾ ನಾನು? ಕೂರೋಕೆ ಜಾಗ ಇದ್ಯಾ ಕೇಳಿದ್ದು" ಅಂದರು.

ಈಗ ಆಗಿರುವ ಏರ್ಪಾಡು ಹೀಗಿದೆ. ಬೆಳಿಗ್ಗೆ ಒಂಬತ್ತಾದ ಮೇಲೆ ಎಡದಂಡೆಯ ಲೋಕಲ್ ರೈಲು. ವಾರದ ದಿನ ಆ ಹೊತ್ತಿನ ಮೇಲೆ ಐದು ಜನಕ್ಕೆ ಒಂದೇ ಟಿಕೆಟ್ ಸಾಕು, ಬಲಗಡೆ ಕಿಟಕಿ ಹಿಡಿದರೆ ನದಿ ಪೂರ್ತಿ ಕಾಣುತ್ತದೆ. ಬಾಖಾರಾಖ್‌ನಲ್ಲಿ ಇಳಿದು ಅಜ್ಜಿ ಹೇಳಿದ ದಂಡೆಯ ಬೆಂಚು. ಅಮ್ಮನ ಪುಳಿಯೋಗರೆ, ನನ್ನ ಮೊಸರನ್ನ. ಮಧ್ಯಾಹ್ನ ಅಲ್ಲಿಂದ ಸಾಂಕ್ಟ್ ಗೋಆರ್‌ಗೆ ಹಡಗು. ಹೊಳೆ ಹರಿಯುವ ಕಡೆಗೇ ಹೋಗುವುದರಿಂದ ಒಂದು ಗಂಟೆಗೂ ಕಮ್ಮಿ. ಕೌಬ್‌ನ ಕೋಟೆ, ಲೋರೆಲೈ ಎರಡೂ ಕೂತಲ್ಲಿಂದಲೇ ಕಾಣುತ್ತವೆ, ಮಂಡಿಗೆ ತ್ರಾಸಿಲ್ಲ. ರಾತ್ರಿಗೆ ಹಳಿಯ ಕಡೆ ಕಿಟಕಿ ಇಲ್ಲದ ರೂಮು.

ಎರಡನೇ ದಿನ ಮಾರ್ಕ್ಸ್‌ಬುರ್ಗ್‌ಗೆ ಅಣ್ಣ, ಅತ್ತಿಗೆ ಮಾತ್ರ ಹೋಗುತ್ತಾರೆ. ಎಲ್ಟ್ಸ್ ಕೋಟೆ ಬಿಟ್ಟದ್ದಕ್ಕೆ ಅಣ್ಣ ಇನ್ನೂ ಮುನಿಸಿಕೊಂಡಿದ್ದಾನೆ. "ಎಂತ ಮಾರಾಯ್ತಿ, ಅಷ್ಟು ದೂರ ಬಂದು ಬೆಂಚಿನ ಮೇಲೆ ಕೂರೋದಾ?" ಅಂತಾನೆ. ಕೋಬ್ಲೆನ್ಸ್‌ನ ಕೇಬಲ್ ಕಾರು ಮಾತ್ರ ಬಿಡಲ್ಲ ಅಂತ ಹಟ. ರೈನ್ ನದಿಯ ಮೇಲೆಯೇ ತೇಲಿ ದಾಟಿಸುತ್ತದೆ, ಅಪ್ಪಯ್ಯನೂ ಕೂತೇ ಹೋಗಬಹುದು. ಅದನ್ನು ಉಳಿಸಿದ್ದೇನೆ.