ದಾವಣಗೆರೆಯಲ್ಲಿ ಮನೆ ಮಾರಾಟವಾಗದೆ ನಿಂತಿದೆಯೇ? ಕೊಳ್ಳುವವರ ಕೈಗಂಟಿನಿಂದ ಲೆಕ್ಕ ಹಾಕಿ

ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ‘ಮನೆ ಮಾರಾಟಕ್ಕಿದೆ’ ಬೋರ್ಡು ಆರು ತಿಂಗಳು ದಾಟಿಯೂ ಗೇಟಿನ ಮೇಲೇ ಇದ್ದರೆ, ನೋಡಲು ಬಂದವರು ಎಲ್ಲಿ ಹಿಂದೆ ಸರಿಯುತ್ತಿದ್ದಾರೆ ಎಂದು ಮೊದಲು ಪತ್ತೆ ಮಾಡಬೇಕು. ಮನೆ ನೋಡಿ ಒಪ್ಪಿ, ಬ್ಯಾಂಕಿಗೆ ಹೋಗಿ ಬಂದ ಮೇಲೆ ಫೋನ್ ಎತ್ತುವುದಿಲ್ಲ ಎಂದರೆ ತೊಂದರೆ ಬೆಲೆಯಲ್ಲಿದೆ, ಇಲ್ಲವೇ ಕಾಗದಪತ್ರದಲ್ಲಿದೆ.

ಬ್ಯಾಂಕಿನ ಮೌಲ್ಯಮಾಪಕರು ನಿವೇಶನಕ್ಕೂ ಕಟ್ಟಡಕ್ಕೂ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. 30x40 ನಿವೇಶನ, ಚದರಡಿಗೆ 3,000 ರೂಪಾಯಿ ಎಂದು ಹಿಡಿಯೋಣ: 36 ಲಕ್ಷ. 1,000 ಚದರಡಿಯ, 20 ವರ್ಷದ ಕಟ್ಟಡ. ಇವತ್ತು ಹಾಗೇ ಕಟ್ಟಲು ಚದರಡಿಗೆ 1,800 ಎಂದರೆ 18 ಲಕ್ಷ. ಕಟ್ಟಡದ ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದಿಟ್ಟುಕೊಂಡರೆ 20 ವರ್ಷಕ್ಕೆ ಸವಕಳಿ ಶೇ. 30. ಉಳಿದದ್ದು 12.6 ಲಕ್ಷ. ಒಟ್ಟು 48.6 ಲಕ್ಷ. ಈ ದರಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಬೀದಿಯ ದರವನ್ನು ಹಾಕಿಕೊಳ್ಳಿ.

ಈಗ ನೀವು 62 ಲಕ್ಷ ಹೇಳುತ್ತಿದ್ದೀರಿ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಮೌಲ್ಯದ ಶೇ. 80. ಹಾಗಾಗಿ ಮೌಲ್ಯಮಾಪಕರ 48.6 ಲಕ್ಷದ ಮೇಲೆ ಸಾಲ ಸಿಗುವುದು 39 ಲಕ್ಷದ ಒಳಗೆ. ಉಳಿದ 23 ಲಕ್ಷದ ಜತೆಗೆ ಮುದ್ರಾಂಕ, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಮಾರಾಟದ ಬೆಲೆಯ ಸುಮಾರು ಶೇ. 7.6. ಅಂದರೆ ಕೊಳ್ಳುವವರು ಕೈಯಿಂದ ಹಾಕಬೇಕಾದ್ದು ಹತ್ತಿರ ಹತ್ತಿರ 28 ಲಕ್ಷ. ಅದೇ ಮನೆಗೆ 50 ಲಕ್ಷ ಹೇಳಿದರೆ 15 ಲಕ್ಷ ಸಾಕು. ಸಂಬಳದ ಮೇಲೆ ಸಾಲ ಮಾಡುವ ಕುಟುಂಬಕ್ಕೆ ಈ 13 ಲಕ್ಷದ ಅಂತರ ದಾಟಲಾಗದ್ದು. ಆದ್ದರಿಂದ ಬೋರ್ಡು ಹಾಕುವ ಮೊದಲೇ ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಅದಕ್ಕೆ ಕೊಡುವ ಫೀಸು ದಂಡವಲ್ಲ. ಆ ಮೊತ್ತಕ್ಕಿಂತ ಶೇ. 3–5 ಹೆಚ್ಚು ಹೇಳಿ, ಚೌಕಾಸಿಗೆ ಅಷ್ಟು ಜಾಗ ಸಾಕು.

ಪರವಾನಗಿ ಇಲ್ಲದೆ ಎಬ್ಬಿಸಿದ ಮೇಲಂತಸ್ತನ್ನು ಬ್ಯಾಂಕು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಖರ್ಚಾದ ಹಣವನ್ನು ಬೆಲೆಗೆ ಸೇರಿಸಿದರೆ ಮನೆ ಅಲ್ಲೇ ಸಿಕ್ಕಿಬೀಳುತ್ತದೆ. ಇ-ಖಾತೆ, ಋಣಭಾರ ಪ್ರಮಾಣಪತ್ರ, ಈ ವರ್ಷದ ಕಂದಾಯ ರಸೀದಿ, ಪರವಾನಗಿ ನಕ್ಷೆ ಒಂದೇ ಫೈಲಿನಲ್ಲಿರಲಿ. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆ ಇದ್ದರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ವಾರಸುದಾರರೆಲ್ಲರ ಒಪ್ಪಿಗೆ ಮೊದಲು ಪಡೆಯಿರಿ. ಅಡ್ವಾನ್ಸ್ ಪಡೆದ ಮೇಲೆ ಆ ಮಾತು ತೆಗೆದರೆ ವ್ಯವಹಾರ ಮುರಿಯುತ್ತದೆ.

ಇನ್ನು ಮನೆ ತೋರಿಸುವ ವಿಚಾರ. ದುಡ್ಡು ಸುರಿಯಬೇಡಿ, ತೇವ ನಿಲ್ಲಿಸಿ. ಗೋಡೆಯ ಬುಡದಲ್ಲಿ ಉಪ್ಪು ಒಡೆದಿದ್ದರೆ ಮೇಲೆ ಬಣ್ಣ ಬಳಿದರೆ ಎರಡೇ ತಿಂಗಳಲ್ಲಿ ಮತ್ತೆ ಉದುರುತ್ತದೆ, ನೋಡುವವರಿಗೆ ‘ಏನೋ ಮುಚ್ಚಿಟ್ಟಿದ್ದಾರೆ’ ಎನಿಸುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಬಚ್ಚಲಿನ ಪೈಪೋ, ತಾರಸಿಯ ನೀರಿಳಿಯುವ ಬಾಯೋ, ನೆಲದಿಂದ ಏರುವ ತೇವವೋ. ಅದನ್ನು ಸರಿಪಡಿಸಿ, ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ, ವಾಟರ್‌ಪ್ರೂಫಿಂಗ್ ಬೆರೆಸಿದ ಸಿಮೆಂಟಿನಿಂದ ಹೊಸ ಗಾರೆ ಹಾಕಿಸಿ. ಕ್ಯೂರಿಂಗ್ ಮುಗಿದ ಮೇಲೆ ಎರಡು-ಮೂರು ವಾರ ಒಣಗಲು ಬಿಟ್ಟು ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಬೋರ್‌ವೆಲ್ ನೀರಿನ ಬಿಳಿ ಕಲೆ ನಲ್ಲಿಗಳ ಮೇಲಿದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಡಿ. ಮೊಸಾಯಿಕ್ ನೆಲಕ್ಕೆ ಮಾತ್ರ ಆಸಿಡ್ ಸೋಕಿಸಬೇಡಿ. ಅದರಲ್ಲಿರುವುದು ಅಮೃತಶಿಲೆಯ ಚೂರು ಮತ್ತು ಸಿಮೆಂಟು, ಹೊಳಪು ಶಾಶ್ವತವಾಗಿ ಹೋಗುತ್ತದೆ.

ನೀರಿನ ಪ್ರಶ್ನೆ ಬಂದೇ ಬರುತ್ತದೆ. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, 28.3ರಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ: 6x5x5 ಸಂಪು ಅಂದರೆ ಸುಮಾರು 4,245 ಲೀಟರ್. ಪಾಲಿಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನೂ ನಿಜವಾಗಿ ಹೇಳಿ, ಪಕ್ಕದ ಮನೆಯವರು ಹೇಗೂ ಹೇಳುತ್ತಾರೆ.

ಮೂವರು ಬ್ರೋಕರ್‌ಗಳಿಗೆ ಹೇಳಿದ್ದರೆ ಮೂವರ ಬಾಯಲ್ಲೂ ಒಂದೇ ಬೆಲೆ ಇರಬೇಕು. ಬೆಲೆ ಇಳಿಸುವುದಾದರೆ ತಿಂಗಳಿಗೊಮ್ಮೆ ಐವತ್ತು ಸಾವಿರದಂತೆ ಕೀಳಬೇಡಿ, ಒಂದೇ ಸಲ ಮೌಲ್ಯದ ಹತ್ತಿರಕ್ಕೆ ತನ್ನಿ. ಅದೂ ಆಷಾಢದಲ್ಲಿ ಬೇಡ, ಶ್ರಾವಣ ಹುಟ್ಟಿದ ಮೇಲೆ.