ತೊಟ್ಟಿಯ ಹಸಿರು

ಬೆಳಿಗ್ಗೆ ತೀರ್ಥಹಳ್ಳಿ ಮನೆಯ ಕೊಟ್ಟಿಗೆ ಪಕ್ಕದ ಸಿಮೆಂಟ್ ತೊಟ್ಟಿ ತೊಳೆಯಲು ಹೋದೆ. ನೀರು ಪೂರ್ತಿ ಹಸಿರು.

ಗಾಜಿನ ಲೋಟದಲ್ಲಿ ಎತ್ತಿ ಬಿಸಿಲಿಗೆ ಹಿಡಿದೆ. ಎಳೆ ಇಲ್ಲ, ಎಲೆ ಇಲ್ಲ. ನೀರಿಗೇ ಬಣ್ಣ ಹತ್ತಿದ ಹಾಗೆ.

"ಅದೇನೋ ನೋಡ್ತಾ ನಿಂತೆ? ಚೆಲ್ಲೋ, ದನ ಬರೋ ಹೊತ್ತಾಯ್ತು" ಅಂದಳು ಅಮ್ಮ.

ಚೆಲ್ಲಲು ಮನಸ್ಸೇ ಬರಲಿಲ್ಲ. ಇಂಥ ಕಣ್ಣಿಗೆ ಕಾಣದ ಪಾಚಿಗಳಲ್ಲಿ ಕೆಲವು, ಒಣಗಿಸಿದ ತೂಕದ ಅರ್ಧದಷ್ಟು ಎಣ್ಣೆ ತುಂಬಿಕೊಳ್ಳುತ್ತವೆ. ಅದೂ ಹೊಟ್ಟೆ ತುಂಬಿದಾಗ ಅಲ್ಲ, ಸಾರಜನಕ ಸಿಗದೆ ಸೊರಗಿದಾಗ! ಕಷ್ಟಕಾಲಕ್ಕೆ ಕೂಡಿಡುವುದು, ಮಳೆಗಾಲಕ್ಕೆ ನಾವು ಹಪ್ಪಳ ಮಾಡಿಡುವ ಹಾಗೆ. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು.

ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದರ ಮೇಲೆ ಸಂಶೋಧನೆ ಮಾಡಿಸಿತ್ತು. ಎಣ್ಣೆ ಸಿಕ್ಕಿತು. ಆದರೆ ಖರ್ಚು ಜಾಸ್ತಿ. ತೆರೆದ ಕೊಳದ ಒಂದು ಲೀಟರ್ ನೀರಲ್ಲಿ ಸಿಗುವ ಪಾಚಿ ಒಂದು ಗ್ರಾಂ ಆಸುಪಾಸು. ಅದನ್ನು ಸೋಸಬೇಕು, ಒಣಗಿಸಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಒಣಗಿಸುವ ಪಾಡು ನಮಗೆ ಗೊತ್ತಲ್ವಾ? ಆದರೂ ಈ ಕೆಲಸ ಯಾರೂ ಬಿಡಬಾರದು ಅನ್ನಿಸುತ್ತದೆ. ಇದಕ್ಕೆ ಗದ್ದೆ ಬೇಕಿಲ್ಲ, ತೋಟ ಬೇಕಿಲ್ಲ.

ತೊಟ್ಟಿ ತೊಳೆದೆ. ಆ ಒಂದು ಲೋಟ ಮಾತ್ರ ಅಡುಗೆಮನೆ ಕಿಟಕಿಯಲ್ಲಿದೆ. ಸಂಜೆ ಹೊತ್ತಿಗೆ ತಳದಲ್ಲಿ ತೆಳ್ಳಗೆ ಹಸಿರು ಕೂತಿತ್ತು.